ಮಳೆಗಾಲಕ್ಕೆ ಮುಂಚೆ ಜೇನು ಪೆಟ್ಟಿಗೆ: ನೀರೂ ಒಳಗೆ ಬರಬಾರದು, ವಿಷವೂ ಬರಬಾರದು

ಐದು ವರ್ಷದ ಹಿಂದಿನ ಮಾತು. ಮೇ ತಿಂಗಳ ಮೊದಲ ವಾರ. ಆಗ ನನ್ನ ಹತ್ತಿರ ಇದ್ದದ್ದು ಬರೀ ಏಳು ತುಡುವೆ ಕುಟುಂಬ. ಹಿಂದಿನ ಮಳೆಗಾಲದಲ್ಲಿ ಪೆಟ್ಟಿಗೆಗಳ ಮೂಲೆ ಕೊಳೆತು, ಹಲಗೆ ಬಾಯಿ ಬಿಟ್ಟು, ಒಳಗೆಲ್ಲ ಬೂಷ್ಟು ಹಿಡಿದಿತ್ತು. ಈ ಸಲ ಹಾಗಾಗಬಾರದು ಅಂತ ಮೂರು ಹೊಸ ಪೆಟ್ಟಿಗೆ ಮಾಡಿಸಿದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಮರಕ್ಕೆ ನೀರು ತಾಗಬಾರದು, ಗೆದ್ದಲೂ ಬರಬಾರದು, ಅಂಥದ್ದೇನಾದ್ರೂ ಕೊಡಿ" ಅಂದೆ. ಕೊಟ್ಟರು. ಕಂದು ಬಣ್ಣದ ನೀರಿನ ಹಾಗಿದ್ದ ಎಣ್ಣೆ. ಅಂಗಡಿಯವರದ್ದು ತಪ್ಪಿಲ್ಲ, ನಾನು ಕೇಳಿದ್ದನ್ನೇ ಕೊಟ್ಟರು. ಒಳಗೆ ಜೀವ ಇರ್ತದೆ ಅನ್ನೋದನ್ನು ನಾನು ಹೇಳಲೇ ಇಲ್ಲ.

ಒಳಗೆ, ಹೊರಗೆ ಎರಡೂ ಕಡೆ ಎರಡೆರಡು ಕೈ ಬಳಿದೆ. ಎರಡು ದಿನ ಒಣಗಿಸಿ ಮೂರು ಕುಟುಂಬಗಳನ್ನು ಅದಕ್ಕೆ ದಾಟಿಸಿದೆ. ಮೂರನೇ ದಿನ ಎರಡು ಪೆಟ್ಟಿಗೆ ಖಾಲಿ. ಮರಿ, ತುಪ್ಪ ಎಲ್ಲ ಬಿಟ್ಟು ಹುಳುಗಳು ಎದ್ದು ಹೋಗಿದ್ದವು. ಮೂರನೆಯದ್ದರ ಬಾಗಿಲ ಮುಂದೆ ಒಂದು ಬೊಗಸೆಯಷ್ಟು ಹುಳು ಸತ್ತು ಬಿದ್ದಿದ್ದವು. ಕೆಲವು ಇನ್ನೂ ನಡುಗುತ್ತಾ ಗಿರಗಿರ ಸುತ್ತುತ್ತಿದ್ದವು, ಸತ್ತವುಗಳ ನಾಲಿಗೆ ಹೊರಗೆ ಚಾಚಿತ್ತು. ತೋಟಗಾರಿಕೆ ಪದವಿಯಲ್ಲಿ ಪರೀಕ್ಷೆಗೆ ಬರೆದಿದ್ದ ಕೀಟನಾಶಕದ ಲಕ್ಷಣಗಳೇ ಅವು. ಆಮೇಲೆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿದೆ. ಮೊದಲೇ ಓದಬೇಕಿತ್ತು.

ನಲವತ್ತು ವರ್ಷ ಜೇನು ಸಾಕಿದ ದೊಡ್ಡಪ್ಪ ಸಂಜೆ ಬಂದು ಪೆಟ್ಟಿಗೆ ಮೂಸಿ ನೋಡಿ ಒಂದೇ ಮಾತು ಕೇಳಿದ್ದು: "ತಮಾ, ಇದರೊಳಗೆ ನೀನಾದ್ರೆ ಒಂದು ರಾತ್ರಿ ಮಲಗ್ತಿದ್ಯಾ?"

ಈಗ ಮಾರ್ಚ್ ಮುಗೀತಾ ಬಂತು. ಮಲೆನಾಡು, ಕರಾವಳಿ, ಕೊಡಗಿನ ಕಡೆ ಪೆಟ್ಟಿಗೆ ರಿಪೇರಿ ಮಾಡೋದಿದ್ರೆ ಇದೇ ಸರಿಯಾದ ಕಾಲ. ಮೇ ಕೊನೆಗೆ ಮೋಡ ನೋಡಿಕೊಂಡು ಬ್ರಷ್ ಹಿಡಿದರೆ ಬಳಿದದ್ದು ಒಣಗೋದಿಲ್ಲ. ಒಣಗದ ಪೆಟ್ಟಿಗೆಗೆ ಹುಳು ಬಿಟ್ಟರೆ ನನ್ನ ಕಥೆಯೇ ನಿಮ್ಮದೂ ಆಗ್ತದೆ. ಹಾಗಾಗಿ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ನೀರು ಎರಡು ಕಡೆಯಿಂದ ಬರ್ತದೆ

ಹೊರಗಿನ ಮಳೆ ನೀರು ಎಲ್ಲರಿಗೂ ಕಾಣ್ತದೆ. ಒಳಗೇ ಹುಟ್ಟುವ ನೀರನ್ನು ಬಹಳ ಜನ ಮರೆತುಬಿಡ್ತಾರೆ. ಹೂವಿನಿಂದ ತರುವ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರ್ತದೆ. ಹುಳುಗಳು ರೆಕ್ಕೆ ಬೀಸಿ ಬೀಸಿ ಅದನ್ನು ಶೇಕಡಾ 20ರ ಆಸುಪಾಸಿಗೆ ಇಳಿಸಿದಾಗ ಅದು ತುಪ್ಪ ಆಗೋದು. ಆ ನೀರೆಲ್ಲ ಆವಿಯಾಗಿ ಪೆಟ್ಟಿಗೆಯೊಳಗೇ ಸುತ್ತಾಡ್ತದೆ. ಜೊತೆಗೆ ಸಾವಿರಾರು ಹುಳುಗಳ ಉಸಿರಿನ ತೇವವೂ ಸೇರ್ತದೆ. ಮರಿ ಇರುವ ಜಾಗವನ್ನು ಅವು 33ರಿಂದ 36 ಡಿಗ್ರಿ ಬಿಸಿಯಲ್ಲಿ ಇಟ್ಟುಕೊಳ್ತವೆ. ಹೊರಗೆ ಜುಲೈ ರಾತ್ರಿಯ ಥಂಡಿ. ಬಿಸಿ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿದರೆ ಏನಾಗ್ತದೆ? ಅನ್ನದ ಪಾತ್ರೆಯ ಮುಚ್ಚಳ ಎತ್ತಿದಾಗ ಹನಿ ಉದುರ್ತದಲ್ಲ, ಅದೇ.

ಹಸಿ ಮರಕ್ಕೆ ಬಣ್ಣ ಬಳಿಯದೆ ಹಾಗೇ ಬಿಟ್ಟರೆ ಒಳಗಿನ ಮೈ ಈ ತೇವವನ್ನು ಸ್ವಲ್ಪ ಹೀರಿ, ಬಿಸಿಲು ಬಂದಾಗ ಬಿಡ್ತದೆ. ಒಳಗೂ ಪೇಂಟ್ ಬಳಿದರೆ ಪೆಟ್ಟಿಗೆ ಸ್ಟೀಲ್ ಡಬ್ಬಿ ಆಯ್ತು ಅಂತಲೇ ಲೆಕ್ಕ. ನೀರು ಗೋಡೆ ಮೇಲೆ ಇಳೀತದೆ, ಬದಿಯ ಎರಿಗೆ ಬೂಷ್ಟು ಹಿಡೀತದೆ, ಕುಟುಂಬ ಸಣ್ಣದಿದ್ದರೆ ಆ ಎರಿಯನ್ನು ಕಾಯೋಕಾಗದೆ ಮೇಣದ ಹುಳು ಹೊಕ್ಕಿಕೊಳ್ತದೆ. ಮಳೆಗಾಲದಲ್ಲಿ ಮೊದಲೇ ಮೇವಿಲ್ಲದೆ ಹುಳು ಕಡಿಮೆಯಾಗಿರ್ತದೆ, ಇದೊಂದು ಬೇರೆ.

ಅದಕ್ಕೇ ನನ್ನ ನಿಯಮ: ಒಳಗಿನ ಮೈಗೆ ಏನೂ ಬಳಿಯೋದಿಲ್ಲ. ಎಣ್ಣೆಯೂ ಇಲ್ಲ, ವಾರ್ನಿಷೂ ಇಲ್ಲ, 'ಸಾವಯವ' ಅಂತ ಬರೆದದ್ದೂ ಇಲ್ಲ. ಎರಡು ಕೋಣೆಗಳು ಒಂದರ ಮೇಲೊಂದು ಕೂರುವ ಅಂಚಿಗೆ, ಫ್ರೇಮಿನ ಕಿವಿ ಕೂರುವ ಮೆಟ್ಟಿಲಿಗೂ ಇಲ್ಲ. ಅಲ್ಲಿ ಬಣ್ಣ ಬಳಿದರೆ ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಪೆಟ್ಟಿಗೆಯನ್ನು ಕುಲುಕಬೇಕಾಗ್ತದೆ. ಕುಲುಕಿದರೆ ತುಡುವೆ ಸುಮ್ಮನಿರೋದಿಲ್ಲ, ಗೊತ್ತಲ್ಲ.

ಕೈ ಹಾಕಲೇಬಾರದ ಡಬ್ಬಿಗಳು

ಗೆದ್ದಲು ನಿರೋಧಕ ಮರದ ಎಣ್ಣೆ ಮೊದಲನೆಯದು. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರೋದು ಕ್ಲೋರ್‌ಪೈರಿಫಾಸ್, ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಬೈಫೆಂಥ್ರಿನ್ ಇವುಗಳಲ್ಲಿ ಯಾವುದಾದರೂ ಒಂದು. ಹೆಸರು ಬೇರೆ ಬೇರೆ, ಆದರೆ ಎಲ್ಲವೂ ಜೇನಿಗೆ ನೇರ ವಿಷ. ಗೆದ್ದಲೂ ಕೀಟ, ಜೇನೂ ಕೀಟ. ಒಂದನ್ನು ಕೊಂದು ಇನ್ನೊಂದನ್ನು ಬಿಡುವಷ್ಟು ಬುದ್ಧಿ ಆ ಔಷಧಕ್ಕಿಲ್ಲ. ಹೊರಗೆ ಮಾತ್ರ ಬಳಿದರೆ ಪರವಾಗಿಲ್ಲವಾ ಅಂತ ಫೋನ್ ಮಾಡಿ ಕೇಳ್ತಾರೆ. ಬೇಡ. ಹುಳು ಬಾಗಿಲ ಹಲಗೆ ಮೇಲೆ ದಿನಕ್ಕೆ ಸಾವಿರ ಸಲ ನಡೀತದೆ, ಬೇಸಿಗೆಯಲ್ಲಿ ಹೊರಗಿನ ಮೈ ಮೇಲೆ ಗಡ್ಡದ ಹಾಗೆ ಜೋತುಬೀಳ್ತದೆ.

ಗಾಡಿಯ ಹಳೇ ಆಯಿಲ್ ಎರಡನೆಯದು. ನಮ್ಮ ಕಡೆ ಬೇಲಿ ಕಂಬಕ್ಕೆ, ಕೊಟ್ಟಿಗೆ ತೊಲೆಗೆ ಬಳಿಯೋದು ರೂಢಿ. ಅದರಲ್ಲಿ ಎಂಜಿನ್ ಸವೆದ ಲೋಹದ ಕಣ, ಸುಟ್ಟ ಎಣ್ಣೆಯ ವಿಷಗಳು ಇರ್ತವೆ. ಅದು ಎಂದಿಗೂ ಗಟ್ಟಿಯಾಗೋದಿಲ್ಲ, ಮರದೊಳಗೆ ಇಳಿದು ಇಳಿದು ಒಳಗಿನ ಮೈಗೇ ಬರ್ತದೆ. ತುಪ್ಪ, ಮೇಣ ಎರಡೂ ವಾಸನೆ ಹಿಡಿಯೋದರಲ್ಲಿ ಬೆಣ್ಣೆಗಿಂತ ಮುಂದು. ಡಾಂಬರು, ಟಾರು ಎಣ್ಣೆಗಳಿಗೂ ಇದೇ ಮಾತು.

ಗೇರುಬೀಜದ ಸಿಪ್ಪೆ ಎಣ್ಣೆಯ ಬಗ್ಗೆ ಕರಾವಳಿಯವರು ಕೇಳೇ ಕೇಳ್ತಾರೆ. ದೋಣಿಗೆ, ಮರದ ಸಾಮಾನಿಗೆ ಹಿಂದಿನಿಂದಲೂ ಬಳಿದದ್ದು ಹೌದು, ಮರ ಬಾಳಿಕೆ ಬರೋದೂ ಹೌದು. ಆದರೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುವ ಎಣ್ಣೆ ಅದು. ಪೆಟ್ಟಿಗೆ ನಿಲ್ಲಿಸುವ ಸ್ಟ್ಯಾಂಡಿನ ಕಾಲಿಗೆ ಬಳಿದು ಪೂರ್ತಿ ಒಣಗಿಸಿ ಬಳಸಿ, ನಾನೂ ಬಳಸ್ತೇನೆ. ಪೆಟ್ಟಿಗೆಗೆ ಬೇಡ.

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಸಾವಯವ ಅಲ್ವಾ ಅಂತ ಇನ್ನೊಂದು ಪ್ರಶ್ನೆ. ಸಾವಯವ ಹೌದು. ಆದರೆ ಕೀಟ ಓಡಿಸೋಕೆ ಅಂತ ನಾವೇ ಬೆಳೆಗೆ ಹೊಡೆಯುವ ಎಣ್ಣೆಯನ್ನು ಕೀಟದ ಮನೆಗೇ ಬಳಿಯೋದು ಯಾವ ಲೆಕ್ಕ?

ಅಟ್ಟದ ಮೇಲಿನ ಹಳೇ ಪೇಂಟ್ ಡಬ್ಬಿಗಳನ್ನೂ ಇಳಿಸಬೇಡಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂಗಿಂತ ಹೆಚ್ಚಿರಬಾರದು ಅನ್ನುವ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ತಂದಿತು, ಅದು ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು. ಸಾವಯವ ಪ್ರಮಾಣಪತ್ರ ಮಾಡಿಸುವ ಯೋಚನೆ ಇದ್ದವರಿಗೆ ಇನ್ನೊಂದು ವಿಷಯ: ಪೆಟ್ಟಿಗೆ ಮುಖ್ಯವಾಗಿ ನೈಸರ್ಗಿಕ ವಸ್ತುಗಳಿಂದಲೇ ಆಗಿರಬೇಕು, ವಿಷದ ಸಾಧ್ಯತೆ ಇರುವ ವಸ್ತು ಇರಬಾರದು ಅಂತ ಸಾವಯವ ಜೇನಿನ ಮಾನದಂಡಗಳಲ್ಲೇ ಇದೆ.

ಮರ ಒಣಗದೆ ಬ್ರಷ್ ಮುಟ್ಟಬೇಡಿ

ಬಳಿಯುವ ವಸ್ತುವಿಗಿಂತ ಮರ ಮುಖ್ಯ. ಸಾಗುವಾನಿ ಸಿಕ್ಕರೆ ಅದೃಷ್ಟ. ಹಲಸು ಚೆನ್ನಾಗಿ ಬಾಳಿಕೆ ಬರ್ತದೆ. ಪ್ಲೈವುಡ್, ಎಂಡಿಎಫ್ ಹಲಗೆ ಅಗ್ಗ ಅಂತ ಹೋಗಬೇಡಿ, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರ್ತದೆ, ಎಂಡಿಎಫ್ ಅಂತೂ ಒಂದೇ ಮಳೆಗೆ ಹಪ್ಪಳದ ಹಾಗೆ ಉಬ್ಬಿಬಿಡ್ತದೆ. ಸರಕು ಬರುವ ಪ್ಯಾಲೆಟ್ ಮರ ಬಳಸುವವರು ಅದರ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಅಂತ ಇದ್ದರೆ ಬಿಸಿ ಕೊಟ್ಟು ಹುಳು ಸಾಯಿಸಿದ್ದು, ಅಡ್ಡಿಯಿಲ್ಲ. 'ಎಂಬಿ' ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹೊಡೆದದ್ದು, ಬಿಟ್ಟುಬಿಡಿ. ಮುದ್ರೆಯೇ ಇಲ್ಲದ್ದು ಅಥವಾ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದದ್ದು ಒಲೆಗೂ ಬೇಡ.

ಹಸಿ ಹಲಗೆಗೆ ಎಣ್ಣೆಯೋ ಬಣ್ಣವೋ ಬಳಿದರೆ ಒಳಗಿನ ನೀರನ್ನು ನೀವೇ ಕೂಡಿಹಾಕಿದ ಹಾಗೆ. ಒಣಗಿದೆಯೋ ಇಲ್ಲವೋ ತಿಳಿಯೋದಕ್ಕೆ ಮೀಟರ್ ಬೇಕಿಲ್ಲ. ಒಂದು ಹಲಗೆ ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ನೋಡಿ, ಫೋಟೋ ಹೊಡೆದಿಟ್ಟುಕೊಳ್ಳಿ. ವಾರ ಬಿಟ್ಟು ಮತ್ತೆ ತೂಗಿ. ಎರಡು ವಾರ ಸತತವಾಗಿ ತೂಕ ಇಳಿಯದೆ ನಿಂತರೆ ಮರ ನಿಮ್ಮ ಹವೆಗೆ ಹೊಂದಿಕೊಂಡಿದೆ ಅಂತ. ನೆರಳಲ್ಲಿ, ಗಾಳಿ ಆಡುವ ಹಾಗೆ ನಡುವೆ ರೀಪು ಇಟ್ಟು ಪೇರಿಸಿ ಒಣಗಿಸಿ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೆ ಹಾಕಿದರೆ ಹಲಗೆ ಸೆಟೆದುಕೊಳ್ತದೆ.

ನೀರು ಮರದೊಳಗೆ ಹೋಗುವ ದಾರಿ ಮುಖ್ಯವಾಗಿ ಹಲಗೆಯ ಕೊಯ್ದ ತುದಿ. ಹುಲ್ಲಿನ ಕಟ್ಟನ್ನು ಅಡ್ಡ ಕತ್ತರಿಸಿದರೆ ಕೊಳವೆ ಬಾಯಿಗಳು ಕಾಣೋ ಹಾಗೆ, ಮರದ ನಾಳಗಳು ಅಲ್ಲಿ ಬಾಯಿ ತೆರೆದಿರ್ತವೆ. ಹಲಗೆಯ ಅಗಲದ ಮೈಗಿಂತ ಅಲ್ಲಿ ಎಷ್ಟೋ ಪಟ್ಟು ಬೇಗ ನೀರು ಹೀರ್ತದೆ. ಕೊಳೆಯೋದು ಯಾವಾಗಲೂ ಮೂಲೆಯಿಂದ ಶುರುವಾಗೋದು ಇದಕ್ಕೇ. ಆಚಾರಿಯವರ ಹತ್ತಿರ ಪೆಟ್ಟಿಗೆ ಜೋಡಿಸುವ ಮೊದಲೇ ಹಲಗೆಗಳನ್ನು ಈಸಿಕೊಂಡು ತುದಿಗಳಿಗೆ ಮಾತ್ರ ಒಂದು ಕೈ ಎಣ್ಣೆ ಕುಡಿಸಿ ಕೊಡಿ. "ಇದೆಂಥ ಹೊಸ ಶಾಸ್ತ್ರ ಮಾರಾಯ್ರೇ" ಅಂತ ನಗ್ತಾರೆ, ನಗಲಿ. ಹಾಗೆ ಮಾಡಿದ ನನ್ನ ಪೆಟ್ಟಿಗೆಗಳ ಮೂಲೆ ನಾಲ್ಕು ಮಳೆಗಾಲ ಕಳೆದರೂ ಗಟ್ಟಿ ಇದೆ.

ನಾನು ಬಳಿಯೋದು: ಅಗಸೆ ಎಣ್ಣೆ, ಜೇನು ಮೇಣ

ಎಣ್ಣೆಗಳಲ್ಲಿ ಎರಡು ಜಾತಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಹರಳೆಣ್ಣೆ ಎಷ್ಟು ದಿನ ಇಟ್ಟರೂ ಎಣ್ಣೆಯಾಗೇ ಇರ್ತವೆ, ಮುಗ್ಗಿ ಇರುವೆ ಕರೀತವೆ. ಅಗಸೆ ಎಣ್ಣೆ ಹಾಗಲ್ಲ. ತೆಳುವಾಗಿ ಬಳಿದರೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿ ಪದರ ಆಗ್ತದೆ. ಹಿಂದೆ ಎಣ್ಣೆ ಬಣ್ಣ ಮಾಡುತ್ತಿದ್ದದ್ದೂ ಇದರಲ್ಲೇ. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಹೇಳೋದೇ ಬೇಡ, ಚಟ್ನಿಪುಡಿ ಮಾಡುವ ಅಗಸಿಯ ಎಣ್ಣೆಯೇ ಇದು. ಗಾಣದಿಂದ ನೇರ ತಂದದ್ದಾದರೆ ಅತ್ಯುತ್ತಮ.

ಅಂಗಡಿಯಲ್ಲಿ ಕೇಳುವಾಗ ಮಾತ್ರ ಎಚ್ಚರ. ಹಾರ್ಡ್‌ವೇರ್ ಅಂಗಡಿಯಲ್ಲಿ 'ಬಾಯಿಲ್ಡ್' ಅಥವಾ 'ಡಬಲ್ ಬಾಯಿಲ್ಡ್' ಅಗಸೆ ಎಣ್ಣೆ ಸಿಗ್ತದೆ. ಹೆಸರಿಗೆ ಕುದಿಸಿದ್ದು, ಆದರೆ ಬೇಗ ಒಣಗಲಿ ಅಂತ ಅದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಸೇರಿಸಿರ್ತಾರೆ. ಒಂದು ದಿನದಲ್ಲಿ ಒಣಗೋದು ಅದರಿಂದಲೇ. ನಮಗೆ ಬೇಕಾದ್ದು ಏನೂ ಸೇರಿಸದ ಹಸಿ ಅಗಸೆ ಎಣ್ಣೆ. ಅದು ಒಣಗೋದಕ್ಕೆ ವಾರಗಳೇ ಬೇಕು. ಕಾಯಬೇಕು, ಬೇರೆ ದಾರಿ ಇಲ್ಲ. ಮಾರ್ಚ್‌ನಲ್ಲೇ ಬರೀತಾ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಅಳತೆ ಹೀಗೆ: ಒಂದು ಲೀಟರ್ ಎಣ್ಣೆಗೆ 50 ಗ್ರಾಂ ಜೇನು ಮೇಣ. ನಿಮ್ಮದೇ ಹಳೇ ಎರಿ ಕರಗಿಸಿ ಸೋಸಿದ ಮೇಣ ಸಾಕು. ಅಂಗಡಿಯ ಮೇಣದ ಬತ್ತಿ ಪ್ಯಾರಾಫಿನ್, ಅದು ಬೇಡ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆ ಇಟ್ಟು ಮೇಣ ಕರಗಿಸಿ. 62–65 ಡಿಗ್ರಿಗೆ ಕರಗ್ತದೆ, ನೇರ ಬೆಂಕಿಗೆ ಎಂದೂ ಇಡಬೇಡಿ. ಕರಗಿದ ಮೇಲೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕಲಸಿ, ಬೆಚ್ಚಗಿರುವಾಗಲೇ ಬ್ರಷ್‌ನಿಂದ ಹೊರ ಮೈಗೆ ಬಳಿಯಿರಿ. ಕೊಯ್ದ ತುದಿ ಎಷ್ಟು ಕುಡೀತದೋ ಅಷ್ಟು ಕುಡಿಸಿ. ಅರ್ಧ ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನು ಹಳೇ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಅಂಟಂಟು ಪದರ ಕೂತು ತಿಂಗಳಾದರೂ ಒಣಗೋದಿಲ್ಲ, ಧೂಳೆಲ್ಲ ಹಿಡೀತದೆ. ನನ್ನ ಮೊದಲ ಪೆಟ್ಟಿಗೆ ಹಾಗೇ ಆಗಿತ್ತು, ಕೈ ಇಟ್ಟರೆ ಹಲಸಿನ ಮೇಣದ ಹಾಗೆ. ಮೊದಲ ಕೈ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಎರಡನೇ ಕೈ. ಒಂದು ಲೀಟರಿನಲ್ಲಿ ನನಗೆ ಆರೇಳು ಪೆಟ್ಟಿಗೆ ಆಗಿದೆ.

ಸೀಳು, ಸಂದು ಇದ್ದರೆ ಕರಗಿದ ಜೇನು ಮೇಣಕ್ಕೆ ಅದೇ ಮರದ ಹೊಟ್ಟು ಕಲಸಿ ಬಿಸಿಯಾಗಿ ತುಂಬಿ. ಎಂ-ಸೀಲ್, ಸಿಲಿಕಾನ್ ಎಲ್ಲ ಬೇಕಾಗೋದಿಲ್ಲ.

ಬಟ್ಟೆಯ ಉಂಡೆಗೆ ಬೆಂಕಿ ಹತ್ತಬಹುದು

ಇದನ್ನು ದಯವಿಟ್ಟು ಹಾರಿಸದೆ ಓದಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟಿಸ್ತದೆ. ಹಲಗೆ ಮೇಲೆ ತೆಳುವಾಗಿದ್ದಾಗ ಆ ಬಿಸಿ ಗಾಳಿಗೆ ಹೋಗ್ತದೆ, ಗೊತ್ತೇ ಆಗೋದಿಲ್ಲ. ಆದರೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿಕೊಂಡು ಕೆಲವು ಗಂಟೆಗಳಲ್ಲಿ ತನ್ನಷ್ಟಕ್ಕೇ ಬೆಂಕಿ ಹತ್ತಬಹುದು. ಕಡ್ಡಿ ಗೀರಬೇಕಿಲ್ಲ, ಬೀಡಿ ಕಿಡಿಯೂ ಬೇಕಿಲ್ಲ.

ಎರಡನೇ ವರ್ಷ ನಾನು ಕೆಲಸ ಮುಗಿಸಿ ಬಟ್ಟೆಗಳನ್ನು ಒಂದು ಹಳೇ ಬಕೆಟ್ಟಿಗೆ ತುರುಕಿ ಕೊಟ್ಟಿಗೆ ಪಕ್ಕ ಇಟ್ಟು ಊಟಕ್ಕೆ ಹೋದೆ. ರಾತ್ರಿ ಹತ್ತರ ಹೊತ್ತಿಗೆ ಅಮ್ಮ, "ಎಂಥದೋ ಕಮಟು ವಾಸನೆ ಬರ್ತಾ ಉಂಟಲ್ಲ" ಅಂದಳು. ಹೋಗಿ ನೋಡಿದರೆ ಬಕೆಟ್ಟಿನಿಂದ ಹೊಗೆ, ಪ್ಲಾಸ್ಟಿಕ್ ತಳ ಮೆತ್ತಗಾಗಿತ್ತು. ನಾಲ್ಕು ಮಾರು ಆಚೆ ಒಣಹುಲ್ಲಿನ ಬಣವೆ, ಕೊಟ್ಟಿಗೆಯಲ್ಲಿ ಎರಡು ದನ, ಒಂದು ಕರು. ಅವತ್ತು ಅಮ್ಮನ ಮೂಗು ಇಲ್ಲದಿದ್ದರೆ ನಾನು ಈ ಲೇಖನ ಬರೀತಾ ಇರಲಿಲ್ಲ.

ಮಾಡಬೇಕಾದ್ದು ಸುಲಭ. ಬಳಸಿದ ಬಟ್ಟೆ, ಬ್ರಷ್ ಒರೆಸಿದ ಕಾಗದ ಎಲ್ಲವನ್ನೂ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ. ಇಲ್ಲಾಂದ್ರೆ ಒಂದೊಂದನ್ನೇ ಬಿಡಿಸಿ, ಕಟ್ಟಡದಿಂದ ದೂರ ಬೇಲಿ ತಂತಿ ಮೇಲೆ ಹರವಿ. ಹಪ್ಪಳದ ಹಾಗೆ ಗರಿಗರಿಯಾದ ಮೇಲೆ ಭಯವಿಲ್ಲ. ಎಣ್ಣೆ ತಾಗಿದ ಮರದ ಹೊಟ್ಟಿನ ರಾಶಿಗೂ ಇದೇ ಎಚ್ಚರ. ಅಡಿಕೆ ಸಿಪ್ಪೆ, ತೆಂಗಿನ ನಾರಿನ ರಾಶಿ ಇದ್ದಲ್ಲಿ ಈ ಕೆಲಸವನ್ನೇ ಮಾಡಬೇಡಿ.

ಬಿಸಿ ಮೇಣದಲ್ಲಿ ಇಡೀ ಪೆಟ್ಟಿಗೆ ಅದ್ದುವ ನ್ಯೂಜಿಲೆಂಡ್, ಆಸ್ಟ್ರೇಲಿಯಾದ ವಿಡಿಯೊಗಳನ್ನು ನೀವು ನೋಡಿರ್ತೀರಿ. ಒಳ್ಳೇ ವಿಧಾನವೇ, ಮರ ವರ್ಷಗಟ್ಟಲೆ ಬಾಳ್ತದೆ. ಆದರೆ ಅವರು ಮೇಣವನ್ನು 150–160 ಡಿಗ್ರಿಗೆ ಕಾಯಿಸ್ತಾರೆ, ಅದಕ್ಕೆ ತಕ್ಕ ತೊಟ್ಟಿ, ತಾಪಮಾನ ಹಿಡಿತದಲ್ಲಿಡುವ ವ್ಯವಸ್ಥೆ ಎಲ್ಲ ಇರ್ತದೆ. ಮರದಲ್ಲಿ ಸ್ವಲ್ಪ ತೇವ ಇದ್ದರೂ ನೀರು ಕುದ್ದು ಮೇಣ ಉಕ್ಕಿ ಒಲೆಗೆ ಬೀಳ್ತದೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಇದನ್ನು ಪ್ರಯತ್ನ ಮಾಡೋದು ಬೇಡವೇ ಬೇಡ.

ಪೇಂಟ್ ಬೇಕೇ ಬೇಕು ಅಂದರೆ

ಬಯಲುಸೀಮೆಯಲ್ಲಿ ಬಿಸಿಲು ಜೋರಿರುವ ಕಡೆ ಪೇಂಟ್‌ಗೆ ಅರ್ಥ ಇದೆ. ನೀರಿನಲ್ಲಿ ಕಲಸುವ ಹೊರಾಂಗಣದ ಅಕ್ರಿಲಿಕ್ ಬಣ್ಣ, ಹೊರ ಮೈಗೆ ಮಾತ್ರ. ಥಿನ್ನರ್ ಕೇಳುವ ಎಣ್ಣೆ ಬಣ್ಣ ಬೇಡ. ಹೊರಾಂಗಣದ ಬಣ್ಣಗಳಲ್ಲಿ ಪಾಚಿ, ಬೂಷ್ಟು ತಡೆಯುವ ರಾಸಾಯನಿಕ ಸೇರಿರೋದು ಸಾಮಾನ್ಯ, ಅದಕ್ಕೇ ಬಾಗಿಲ ಸುತ್ತ, ಇಳಿಯುವ ಹಲಗೆಯ ಮೇಲೆ ನಾನು ಪೇಂಟ್ ಬಳಿಯೋದಿಲ್ಲ. ಬಿಳಿ, ತಿಳಿ ಹಳದಿ, ತಿಳಿ ನೀಲಿ ಒಳ್ಳೇದು. ಕಪ್ಪು, ಕಡುಕಂದು ಬಿಸಿಲು ಹೀರಿ ಒಳಗಿನ ಎರಿಯನ್ನೇ ಮೆತ್ತಗೆ ಮಾಡ್ತವೆ. ಕೆಂಪು ಬಣ್ಣ ಜೇನಿಗೆ ಕಾಣೋದೇ ಇಲ್ಲ. ಸಾಲಾಗಿ ಪೆಟ್ಟಿಗೆ ಇಟ್ಟವರು ಒಂದೊಂದಕ್ಕೆ ಬೇರೆ ಬಣ್ಣ ಕೊಟ್ಟರೆ ಹುಳು ದಾರಿ ತಪ್ಪಿ ಪಕ್ಕದ ಮನೆಗೆ ಹೋಗೋದು ಕಡಿಮೆಯಾಗ್ತದೆ.

ನಮ್ಮ ಮಲೆನಾಡಿನ ಮಳೆಗೆ ಪೇಂಟ್ ನನಗೆ ಅಷ್ಟು ಇಷ್ಟ ಇಲ್ಲ. ಒಳಗಿನ ತೇವ ಮರದ ಮೂಲಕ ಹೊರಗೆ ಹೊರಟಾಗ ಬಣ್ಣದ ಪದರ ಅದನ್ನು ತಡೀತದೆ, ಎರಡು ಮೂರು ವರ್ಷಕ್ಕೆ ಗುಳ್ಳೆ ಎದ್ದು ಸಿಪ್ಪೆ ಸುಲೀತದೆ, ಅದರ ಹಿಂದೆ ಮರ ಕೊಳೀತಾ ಇರ್ತದೆ, ಕಾಣೋದಿಲ್ಲ. ಎಣ್ಣೆ ಮೇಣ ಬಳಿದದ್ದಕ್ಕೆ ಪ್ರತಿ ವರ್ಷ ಒಂದು ಕೈ ಬಳಿಯುವ ಕೆಲಸ ಇದೆ, ಆದರೆ ಮರದ ಸ್ಥಿತಿ ಕಣ್ಣಿಗೆ ಕಾಣ್ತದೆ.

ಮೂಗಿನ ಪರೀಕ್ಷೆ

ಬಳಿದದ್ದು ಏನೇ ಇರಲಿ, ಹುಳು ಬಿಡುವ ಮೊದಲು ಇದೊಂದು ಪರೀಕ್ಷೆ ಮಾಡಿ. ಖಾಲಿ ಪೆಟ್ಟಿಗೆಯನ್ನು ಪೂರ್ತಿ ಜೋಡಿಸಿ, ಬಾಗಿಲಿಗೆ ಬಟ್ಟೆ ತುರುಕಿ, ಮಧ್ಯಾಹ್ನದ ಬಿಸಿಲಿಗೆ ಎರಡು ಗಂಟೆ ಇಡಿ. ಆಮೇಲೆ ಮುಚ್ಚಳ ತೆಗೆದು ಕೂಡಲೇ ಮುಖ ಒಳಗೆ ಹಾಕಿ ಮೂಸಿ. ಮರದ್ದು, ಮೇಣದ್ದು ಬಿಟ್ಟು ಬೇರೆ ಯಾವ ವಾಸನೆ ಬಂದರೂ ಅದು ಸಿದ್ಧ ಆಗಿಲ್ಲ. ಮತ್ತೆ ಗಾಳಿಗಿಡಿ, ವಾರ ಬಿಟ್ಟು ಮತ್ತೆ ಮೂಸಿ. ಹೊರ ಮೈಗೆ ಬಿಳಿ ಬಟ್ಟೆ ಉಜ್ಜಿದರೆ ಎಣ್ಣೆ ಅಂಟಬಾರದು, ನೀರು ಚಿಮುಕಿಸಿದರೆ ಕೆಸುವಿನ ಎಲೆ ಮೇಲಿನ ಹಾಗೆ ಮಣಿಯಾಗಿ ನಿಲ್ಲಬೇಕು. ನಾನು ಎಣ್ಣೆ ಪೆಟ್ಟಿಗೆಯನ್ನು ಕಡಿಮೆ ಅಂದರೂ ನಾಲ್ಕು ವಾರ, ಪೇಂಟ್ ಮಾಡಿದ್ದನ್ನು ಮೂರು ವಾರ ಬಿಡ್ತೇನೆ.

ಮಿಸರಿ ಸಾಕುವವರಿಗೆ, ದಕ್ಷಿಣ ಕನ್ನಡದವರ ಮುಜಂಟಿಗೆ, ಇಲ್ಲಿ ಒಂದು ಹೆಚ್ಚಿನ ಮಾತು. ಆ ಹುಳುಗಳಿಗೆ ಗೂಡು ಕಟ್ಟೋದಕ್ಕೆ ಅಂಟು ಬೇಕು. ಮರದ ಅಂಟು ಸಿಗದಿದ್ದರೆ ಹಸಿ ಪೇಂಟ್, ಗ್ರೀಸ್ ಕೂಡಾ ಕೆರೆದು ಹೊತ್ತುಕೊಂಡು ಹೋಗಿ ಗೂಡಿನೊಳಗೆ ಮೆತ್ತುತ್ತವೆ. ಅವುಗಳ ಪೆಟ್ಟಿಗೆಗೆ ಮಾತ್ರ ಅಲ್ಲ, ಅವು ಹಾರಾಡುವ ಮನೆಯ ಕಿಟಕಿ, ಗೇಟಿಗೆ ಬಣ್ಣ ಬಳಿಯುವಾಗಲೂ ನೋಡಿಕೊಳ್ಳಿ. ಮುಜಂಟಿ ಪೆಟ್ಟಿಗೆಗೆ ಏನೂ ಬಳಿಯದೆ ಮನೆ ಜಗಲಿಯ ಮಾಡಿನ ಕೆಳಗೆ ತೂಗುಹಾಕೋದೇ ವಾಸಿ.

ಎಲ್ಲಕ್ಕಿಂತ ಮೊದಲು ಮಾಡು

ಇಷ್ಟೆಲ್ಲ ಬರೆದ ಮೇಲೆ ಹೇಳ್ತೇನೆ, ಎಣ್ಣೆಯ ಕೆಲಸ ಕಾಲು ಭಾಗ, ಮಾಡಿನ ಕೆಲಸ ಮುಕ್ಕಾಲು ಭಾಗ. ಮಳೆ ಮೈಗೇ ಬೀಳದಿದ್ದರೆ ಬಳಿಯುವ ಅಗತ್ಯವೇ ಅರ್ಧ ಕಡಿಮೆ. ಮುಚ್ಚಳದ ಮೇಲೆ ತಗಡೋ ಅಲ್ಯೂಮಿನಿಯಂ ಶೀಟೋ ನಾಲ್ಕೂ ಕಡೆ ಮೂರು ಇಂಚು ಹೊರಗೆ ಚಾಚುವ ಹಾಗೆ ಹೊದಿಸಿ. ಶೀಟಿಗೂ ಮರಕ್ಕೂ ನಡುವೆ ಗಾಳಿ ಆಡುವಷ್ಟು ರೀಪು ಕೊಡಿ. ಬೇಸಿಗೆಯಲ್ಲಿ ಅದರ ಮೇಲೆ ಎರಡು ಅಡಿಕೆ ಹಾಳೆ ಹಾಕಿ ಕಲ್ಲಿಟ್ಟರೆ ಬಿಸಿಲಿಗೂ ಆಯ್ತು. ಪೆಟ್ಟಿಗೆಯನ್ನು ಬಾಗಿಲ ಕಡೆ ಅರ್ಧ ಇಂಚು ತಗ್ಗಾಗಿ ನಿಲ್ಲಿಸಿ, ಒಳಗೆ ಹನಿ ಬಿದ್ದರೂ ಬಾಗಿಲಿನಿಂದ ಹರಿದುಹೋಗ್ತದೆ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರ ಬೇಕು, ಇಲ್ಲಾಂದ್ರೆ ಮಣ್ಣು ಸಿಡಿದು ಅಡಿಹಲಗೆ ಕೊಳೀತದೆ. ಕಾಲುಗಳ ಕೆಳಗಿನ ನೀರಿನ ಬಟ್ಟಲು ಇರುವೆಗೆ ಹೇಗೂ ಬೇಕೇ ಬೇಕು.

ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಕಟ್ಟೋದನ್ನು ಪ್ರತಿ ವರ್ಷ ಎಲ್ಲಾದರೂ ನೋಡ್ತೇನೆ. ಹೊರಗಿನ ನೀರು ನಿಲ್ತದೆ, ಆದರೆ ಒಳಗಿನದ್ದು ಹೋಗೋದಕ್ಕೆ ದಾರಿಯೇ ಇಲ್ಲ. ಒಂದು ಜುಲೈಯಲ್ಲಿ ಅಂಥ ಒಂದು ಪೆಟ್ಟಿಗೆ ಬಿಚ್ಚಿದಾಗ ಒಳಗೋಡೆಯಿಂದ ನೀರು ಇಳೀತಾ ಇತ್ತು, ಬದಿಯ ನಾಲ್ಕು ಎರಿ ಹಸಿರು ಬೂಷ್ಟು.

ಈಗ ಹುಳು ಇರುವ ಪೆಟ್ಟಿಗೆಯ ಪ್ರಶ್ನೆ. ಅದಕ್ಕೆ ನೇರ ಏನನ್ನೂ ಬಳಿಯಬೇಡಿ. ಒಂದೇ ಒಂದು ಖಾಲಿ ಪೆಟ್ಟಿಗೆ ಹೆಚ್ಚಿಗೆ ಮಾಡಿಸಿ, ಅದನ್ನು ಬಳಿದು ಒಣಗಿಸಿ ಮೂಗಿನ ಪರೀಕ್ಷೆ ಮುಗಿಸಿ. ಬಿಸಿಲು ಇಳಿದ ಹೊತ್ತಿಗೆ ಹಳೆಯದನ್ನು ಪಕ್ಕಕ್ಕಿಟ್ಟು, ಹೊಸದನ್ನು ಅದೇ ಜಾಗದಲ್ಲಿ, ಬಾಗಿಲು ಅದೇ ದಿಕ್ಕಿಗೆ ಬರುವ ಹಾಗೆ ಇಡಿ. ಒಳಗೋಡೆಗೆ ಅದೇ ಕುಟುಂಬದ ಮೇಣದ ತುಂಡು ಉಜ್ಜಿ. ಫ್ರೇಮುಗಳನ್ನು ಅದೇ ಕ್ರಮದಲ್ಲಿ ದಾಟಿಸಿ, ರಾಣಿ ಬಂದದ್ದನ್ನು ಖಾತ್ರಿ ಮಾಡಿಕೊಳ್ಳಿ. ಖಾಲಿಯಾದ ಹಳೇ ಪೆಟ್ಟಿಗೆಯನ್ನು ಕೆರೆದು, ಬಿಸಿಲಿಗೆ ಒಣಗಿಸಿ ಬಳಿಯಿರಿ, ಅದು ಮುಂದಿನ ಕುಟುಂಬಕ್ಕೆ. ತಿಂಗಳಿಗೆ ಒಂದೇ ಆಗ್ತದೆ ಅನ್ನುವವರು ಎರಡು ಖಾಲಿ ಪೆಟ್ಟಿಗೆ ಇಟ್ಟುಕೊಳ್ಳಿ. ನೇರಳೆ ಹೂವಿನ ಭರಾಟೆಯಲ್ಲಿ ಮೇಲಿನ ಕೋಣೆ ತುಂಬ್ತಾ ಇದ್ದರೆ ಈಗ ದಾಟಿಸಬೇಡಿ, ತುಪ್ಪ ತೆಗೆದ ವಾರಕ್ಕೆ ಮಾಡಿ.

ಮೊದಲ ದೊಡ್ಡ ಮಳೆ ಬಿದ್ದ ಮಾರನೇ ದಿನ, ಮಳೆ ಬಿಟ್ಟ ಹೊತ್ತು ನೋಡಿಕೊಂಡು ಹೊರ ಮುಚ್ಚಳ ಮಾತ್ರ ಎತ್ತಿ ಅದರ ಒಳ ಮೈಗೆ ಕೈ ಆಡಿಸಿ. ಮಧ್ಯದಲ್ಲಿ ಒದ್ದೆ ಇದ್ದರೆ ಅದು ಒಳಗಿನ ಆವಿ, ಗಾಳಿಯ ದಾರಿ ಕಟ್ಟಿಕೊಂಡಿದೆಯಾ ನೋಡಿ. ಅಂಚಿನಲ್ಲಿ, ಮೂಲೆಯಲ್ಲಿ ಒದ್ದೆ ಇದ್ದರೆ ಅದು ಹೊರಗಿನ ಮಳೆ, ತಗಡು ಸರಿಮಾಡಿ. ಎರಡರ ಫೋಟೋ ಕೆಳಗೆ ಕಳಿಸಿದರೆ ನೋಡಿ ಹೇಳ್ತೇನೆ, ಆದರೆ ಮುಚ್ಚಳ ತೆರೆದಿಟ್ಟುಕೊಂಡು ಮೊಬೈಲ್ ಹಿಡಿದು ನಿಲ್ಲಬೇಡಿ, ಬೇಗ ಮುಚ್ಚಿ.